ಹೆಪ್ಪು ಹಾಕಿದ ಕಂಪ್ಯೂಟರ್

ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ತವರಿನವರೂ ಹೇಳುತ್ತಾರೆ, ಗಂಡನ ಮನೆಯವರೂ ಹೇಳುತ್ತಾರೆ. ಎರಡು ಕಡೆಯ ಬೀಗರು ಇಷ್ಟು ವರ್ಷದಲ್ಲಿ ತಕರಾರಿಲ್ಲದೆ ಒಪ್ಪಿಕೊಂಡ ಮಾತು ಅದೊಂದೇ ಇರಬೇಕು. ಸುಳ್ಳೇನಲ್ಲ ಬಿಡಿ. ಆದರೆ ಒಂದು ವರ್ಷಕ್ಕೆ ಸಾಕಾಗುವಷ್ಟು ಕೋಪವನ್ನು ನಾನು ಎರಡೇ ವಾರದಲ್ಲಿ ದುಂದು ಮಾಡಿ ಮುಗಿಸಿದ್ದು ಒಂದು ಧನುರ್ಮಾಸದಲ್ಲಿ, ಹೊಳೆನರಸೀಪುರದ ನಮ್ಮ ನಡುಮನೆಯಲ್ಲಿದ್ದ ಕಂಪ್ಯೂಟರಿನ ಮುಂದೆ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ನನಗೆ ಮದುವೆಯಾಗಿ ಒಂದೂವರೆ ವರ್ಷ.

ಆ ಕಂಪ್ಯೂಟರ್ ನನ್ನ ಜೊತೆಗೇ ಗಂಡನ ಮನೆಗೆ ಬಂದದ್ದು. ನುಗ್ಗೇಹಳ್ಳಿಯ ಹತ್ತಿರ ನಮ್ಮ ತವರಿನ ತೆಂಗಿನ ತೋಟ. ಮದುವೆಗೆ ಅಪ್ಪ ಬಳೆ ಮಾಡಿಸಲು ಹೊರಟಾಗ, "ಬಳೆ ಬ್ಯಾಡ, ಕಂಪ್ಯೂಟರ್ ಕೊಡ್ಸಪ್ಪಾ" ಎಂದು ಹಟ ಹಿಡಿದು ಕೂತವಳು ನಾನು. ಹಾಸನದಲ್ಲಿ ಡಿಪ್ಲೊಮಾ ಓದುವಾಗಲೇ ಅದರ ಹುಚ್ಚು ಹಿಡಿದಿತ್ತು. ಅತ್ತೆ ಬಾಗಿಲಲ್ಲಿ ನಮ್ಮಿಬ್ಬರಿಗೆ ಆರತಿ ಎತ್ತಿ, ಹಿಂದೆ ಬರುತ್ತಿದ್ದ ರಟ್ಟಿನ ಪೆಟ್ಟಿಗೆಗೂ ಒಂದು ಸುತ್ತು ಎತ್ತಿದ್ದರು. "ಎಣ್ಣಿನ್ ಜೊತೆ ಬಂದದ್ದೆಲ್ಲಾ ಲಕ್ಸ್ಮೀನೇ ಕಣವ್ವಾ" ಎಂದಿದ್ದರು. ಮಾವ ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ನಾನು, ನಮ್ಮ ಯಜಮಾನರು, ಮೂರೇ ಜನ. ಯಜಮಾನರು ಅರಕಲಗೂಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಅವರು ಆ ಕಡೆ ಬಸ್ಸು ಹತ್ತಿದರೆ ನಾನು ಈ ಕಡೆ ಹಾಸನದ ಬಸ್ಸು ಹತ್ತುತ್ತಿದ್ದೆ.

ಹಾಸನದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ತಾತ್ಕಾಲಿಕ ಇನ್‌ಸ್ಟ್ರಕ್ಟರ್. ತಾತ್ಕಾಲಿಕ ಎಂದರೆ ಪ್ರತಿ ವರ್ಷವೂ "ಮುಂದಿನ ವರ್ಷ ಇರ್ತೀರೋ ಇಲ್ಲವೋ" ಎನ್ನುವ ಮುಖ ನೋಡುತ್ತಾ ಬದುಕುವುದು. ಲ್ಯಾಬಿನಲ್ಲಿ ಹತ್ತು ಮೆಷೀನುಗಳಿದ್ದವು, ಎಲ್ಲವೂ ಹಳೆಯವು, ಹತ್ತೂ ಹತ್ತು ದಿಕ್ಕಿಗೆ ಮುಖ ಮಾಡಿದವು. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಒಯ್ಯಬೇಕೆಂದರೆ ಫ್ಲಾಪಿ ಹಿಡಿದುಕೊಂಡು ಓಡಾಡಬೇಕಿತ್ತು. ಆ ಸಲ ತಪಾಸಣೆಗೆ ಹೊರಗಿನಿಂದ ತಂಡ ಬರುತ್ತದೆಂದು ಗೊತ್ತಾದಾಗ ನಾನೇ ಬಾಯಿ ಹಾಕಿದೆ. "ಸಾರ್, ಯೂನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ ಪುಕ್ಕಟೆ ಸಿಗುತ್ತೆ. ಅದನ್ನ ಹಾಕಿ ಹತ್ತನ್ನೂ ಒಂದೇ ಜಾಲಕ್ಕೆ ಕಟ್ಟಿಕೊಡ್ತೀನಿ." ನಮ್ಮ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಯೋಚನೆ ಮಾಡುವುದೇ ಹಾಗೆ.

"ನೋಡಮ್ಮಾ, ಬುಧವಾರಕ್ಕೆ ಸರಿಯಾಗಿ ಮೂರು ವಾರ ಇದೆ. ಆ ದಿನ ಹತ್ತೂ ಮೆಷೀನು ಒಂದಕ್ಕೊಂದು ಮಾತಾಡಿದ್ರೆ ಮುಂದಿನ ವರ್ಷಾನೂ ಲ್ಯಾಬು ನಿಮ್ಮದೇ, ನಾನು ಬರೆದುಕೊಡ್ತೀನಿ. ಮಾತಾಡ್ಲಿಲ್ಲ ಅಂದ್ರೆ ನನ್ನ ಕೈಲೇನೂ ಇಲ್ಲ."

ಮಾತು ಕೊಟ್ಟು ಬಂದೆ. ಕೊಡುವಾಗ ಏನು ಗತ್ತು! ಸಿ.ಡಿ. ಹಾಕಿ ಮೊದಲನೇ ಮೆಷೀನಿಗೆ ಸಿಸ್ಟಂ ಇಳಿಸಿ ನೋಡಿದರೆ, ಕಾಲೇಜಿನವರು ತಂದಿಟ್ಟಿದ್ದ ಹೊಸ ನೆಟ್‌ವರ್ಕ್ ಕಾರ್ಡುಗಳನ್ನು ಅದು ಗುರುತೇ ಹಿಡಿಯಲಿಲ್ಲ. ಕಾರ್ಡು ಹೊಸದು, ಸಿ.ಡಿ. ಹಳೆಯದು. ಆ ಕಾರ್ಡಿನ ವಿಷಯ ಗೊತ್ತಿದ್ದದ್ದು ಸಿಸ್ಟಂನ ಹೊಸ ಸೋರ್ಸಿಗೆ ಮಾತ್ರ. ಸೋರ್ಸ್ ಎಂದರೆ ಮನುಷ್ಯರು ಬರೆದ ಮೂಲ. ಅದು ಅಕ್ಕಿ ಬೇಳೆ ಇದ್ದ ಹಾಗೆ, ಹಾಗೇ ಬಾಯಿಗೆ ಹಾಕಿಕೊಳ್ಳಲು ಬರುವುದಿಲ್ಲ. ನಮ್ಮ ಮೆಷೀನಿನಲ್ಲೇ ಬೇಯಿಸಿ, ಅಂದರೆ ಕಂಪೈಲ್ ಮಾಡಿ, ಸಿಸ್ಟಂ ತಯಾರಿಸಿಕೊಳ್ಳಬೇಕು. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ದಿನಾ ಸಂಜೆ ಕೂತು, ಇರುವೆ ಸಕ್ಕರೆ ಹೊತ್ತ ಹಾಗೆ, ಒಂದು ವಾರದಲ್ಲಿ ಸೋರ್ಸ್ ಪೂರ್ತಿ ಇಳಿಸಿಕೊಂಡು ಸಿ.ಡಿ.ಗೆ ಬರೆಸಿ ಮನೆಗೆ ತಂದೆ.

ಲ್ಯಾಬಿನ ಮುದಿ ಮೆಷೀನುಗಳಿಗೆ ಇದನ್ನು ಕಂಪೈಲ್ ಮಾಡಲು ಎರಡು ಮೂರು ದಿನವಾದರೂ ಬೇಕು. ಸಂಜೆ ಐದಕ್ಕೆ ಅಲ್ಲಿಯ ಅಟೆಂಡರ್ ಮೈನ್ ಸ್ವಿಚ್ ಇಳಿಸಿ ಬೀಗ ಹಾಕಿಬಿಡುತ್ತಿದ್ದ. ನಮ್ಮ ಮನೆಯ ಮೆಷೀನು ಗಟ್ಟಿಗ, ಏಳು ಗಂಟೆಯಲ್ಲಿ ಮುಗಿಸುತ್ತದೆಂದು ಲೆಕ್ಕ ಹಾಕಿದೆ. ಸಂಜೆ ಏಳರಿಂದ ಒಂಬತ್ತು ನಮ್ಮಲ್ಲಿ ಲೋಡ್‌ಶೆಡ್ಡಿಂಗು, ಆಮೇಲೆ ಕರೆಂಟನ್ನು ನಂಬುವ ಹಾಗಿಲ್ಲ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಓಡಿಸಿಟ್ಟು ಬಸ್ಸು ಹತ್ತುವುದು, ಸಂಜೆ ಬಂದು ನೋಡುವುದು ಎಂದು ತೀರ್ಮಾನಿಸಿದೆ.

ಮೊದಲ ದಿನ, ಮಂಗಳವಾರ. ಆಜ್ಞೆ ಕೊಟ್ಟ ತಕ್ಷಣ ಪರದೆಯ ಮೇಲೆ ಸಾಲುಗಳು ಸುರಿಯತೊಡಗಿದವು. ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

"ಏನವ್ವಾ ಇದು, ಅಕ್ಸರ ಈ ಪಾಟಿ ಓಡ್ತಾವೆ? ಯಾವಾಗ್ ನಿಲ್ತದೆ?"

"ಸಾಯಂಕಾಲದವರೆಗೂ ಓಡುತ್ತೆ ಅತ್ತೆ."

"ಅಲ್ಲೀಗಂಟ ನಾನೇನ್ ಮಾಡ್ಬೇಕು?"

ಬಸ್ಸಿಗೆ ಹೊತ್ತಾಗಿತ್ತು. ಕಂಪೈಲ್ ಎಂದರೇನೆಂದು ವಿವರಿಸುತ್ತಾ ಕೂತರೆ ಆಗುವುದಿಲ್ಲ. ಚಪ್ಪಲಿ ಮೆಟ್ಟುತ್ತಾ, "ಏನೂ ಮಾಡ್ಬೇಡಿ. ಹಾಲಿಗೆ ಹೆಪ್ಪು ಹಾಕಿದೀನಿ ಅಂದ್ಕೊಳ್ಳಿ. ಮುಟ್ಬಾರ್ದು, ಅಲ್ಲಾಡಿಸ್ಬಾರ್ದು. ತನ್ನ ಪಾಡಿಗೆ ತಾನು ಆಗುತ್ತೆ" ಎಂದೆ. ಅತ್ತೆಯ ಮುಖದಲ್ಲಿ ತಕ್ಷಣ ಬೆಳಕು ಬಂತು. "ಅಂಗನ್ನು ಮತ್ತೆ! ಗೊತ್ತಾಯ್ತು ಓಗು" ಎಂದರು. ಎಂಥಾ ಚೆನ್ನಾಗಿ ಹೇಳಿಕೊಟ್ಟೆ ಎಂದು ಹಾಸನದವರೆಗೂ ನನ್ನ ಬೆನ್ನು ನಾನೇ ತಟ್ಟಿಕೊಂಡು ಹೋದೆ.

ಸಂಜೆ ದೀಪ ಹಚ್ಚಿದ ಮೇಲೆ ಮನೆ ಮುಟ್ಟಿದೆ. ಪರದೆಯ ಮೇಲೆ ಓಟ ನಿಂತಿತ್ತು. ಕೊನೆಯ ಸಾಲಿನಲ್ಲಿ "ಸಿಗ್ನಲ್ ಹನ್ನೊಂದು" ಎಂದು ಬರೆದು, ಕಂಪೈಲರ್ ಅರ್ಧದಲ್ಲೇ ಪ್ರಾಣ ಬಿಟ್ಟಿತ್ತು.

ಯೂನಿಕ್ಸ್ ಮುಟ್ಟಿದವರಿಗೆಲ್ಲ ಒಂದು ಲೆಕ್ಕ ಗೊತ್ತಿರುತ್ತದೆ. ಕಂಪೈಲ್ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ತಪ್ಪು ಸೋರ್ಸಿನದು. ಒಂದೊಂದು ಸಲ ಒಂದೊಂದು ಜಾಗದಲ್ಲಿ ನಿಂತರೆ ಸೋರ್ಸನ್ನು ಬೈಯಬಾರದು, ಮೆಷೀನಿಗೇ ಏನೋ ಆಗಿದೆ ಎಂದು ತಿಳಿಯಬೇಕು. ಅದಕ್ಕೇ ಒಂದು ನೋಟ್‌ಬುಕ್ ತೆಗೆದು ನಿಂತ ಜಾಗ, ಕೊನೆಯ ಫೈಲಿನ ಮೇಲಿದ್ದ ಗಂಟೆ ನೋಡಿ ನಿಂತ ಹೊತ್ತು ಬರೆದಿಟ್ಟೆ. ಬುಧವಾರ ಇನ್ನೊಂದು ಜಾಗ. ಗುರುವಾರ ಮತ್ತೊಂದು. ಹೊತ್ತು ಮಾತ್ರ ಹೆಚ್ಚುಕಮ್ಮಿ ಒಂದೇ, ಶುರುವಾದ ಎರಡು ಗಂಟೆಗೆಲ್ಲಾ ಢಮಾರ್. ನಿಂತಲ್ಲಿಂದಲೇ ಮುಂದುವರಿಸಬಹುದಿತ್ತು ನಿಜ. ಆದರೆ ಕೆಟ್ಟ ಮೆಷೀನಿನಲ್ಲಿ ಬೆಂದ ಅರ್ಧ ಅಡುಗೆಯನ್ನು ಯಾರು ನಂಬುತ್ತಾರೆ? ದಿನಾ ಎಲ್ಲ ಅಳಿಸಿ, ಮೊದಲಿನಿಂದ ಶುರು ಮಾಡುತ್ತಿದ್ದೆ.

ನನ್ನ ಅನುಮಾನ ಮೆಮೊರಿಯ ಮೇಲೆ. ಶುಕ್ರವಾರ ಬೆಳಿಗ್ಗೆ ಬೇಗ ಎದ್ದು, ಡಬ್ಬ ಬಿಚ್ಚಿ, ಮೆಮೊರಿಯ ಪಟ್ಟಿ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಚೆನ್ನಾಗಿ ಉಜ್ಜಿ ಮತ್ತೆ ಕೂರಿಸಿದೆ. ನಮ್ಮ ಕಡೆ ಕಂಪ್ಯೂಟರಿನ ಎಲ್ಲ ರೋಗಕ್ಕೂ ಅದೇ ಮೊದಲ ಮದ್ದು. ಸಂಜೆ ಬಂದರೆ ಮತ್ತೆ ಸಿಗ್ನಲ್ ಹನ್ನೊಂದು! ಪಿತ್ತ ನೆತ್ತಿಗೇರಿತು. ಆಗಷ್ಟೇ ಅರಕಲಗೂಡಿನಿಂದ ಬಂದು ಕಾಲು ತೊಳೆಯುತ್ತಿದ್ದ ಯಜಮಾನರ ಮೇಲೆ ಹರಿಹಾಯ್ದೆ. ಅವರು ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಹಾಕಿದ್ದರಿಂದಲೇ ವೋಲ್ಟೇಜ್ ಕುಸಿದಿದೆ ಎಂದು ನನ್ನ ವಾದ.

"ಬೆಳಿಗ್ಗೆ ಇಸ್ತ್ರಿ ಮಾಡಿದ್ದಕ್ಕೆ ಹತ್ತು ಗಂಟೆಗೆ ಕೆಡುತ್ತೇನೇ ಅದು?" ಎಂದರು ಪಾಪ.

"ಅದೆಲ್ಲಾ ನಿಮಗೆ ಗೊತ್ತಾಗಲ್ಲ. ನಾಳೆಯಿಂದ ಮುದುರಿಕೊಂಡಿರೋ ಷರಟೇ ಹಾಕ್ಕೊಂಡು ಹೋಗಿ."

ಹೋದರು, ಒಂದು ವಾರ. ಅರಕಲಗೂಡಿನ ಹುಡುಗರು ಏನೆಂದುಕೊಂಡರೋ.

ಅತ್ತೆಯನ್ನೂ ಕೇಳಿದೆ, ದನಿ ಆದಷ್ಟು ತಗ್ಗಿಸಿ. "ಅತ್ತೆ, ಹಗಲು ಯಾರಾದ್ರೂ ಮುಟ್ಟಿದ್ರಾ ಇದನ್ನ?"

"ಶಿವನೇ! ನೀನ್ ಮುಟ್ಬ್ಯಾಡ ಅಂದ್ಮ್ಯಾಲೆ ಮುಟ್ಟಾಕ್ ಬಿಟ್ಟೇನವ್ವಾ? ಪಕ್ಕದ್ಮನೆಯೋಳು ನೋಡಾಕ್ ಬಂದ್ರೂ ಒಳೀಕ್ ಬಿಡ್ನಿಲ್ಲ. ಎಂಗಸ್ರು ಕಣ್ಣು ಒಂದೇ ಸಮ ಇರಾದಿಲ್ಲ."

ಶನಿವಾರ ಸಿಟ್ಟಿಗೆ ಅದನ್ನು ಮುಟ್ಟಲೇ ಇಲ್ಲ. ಭಾನುವಾರ ನಾನೇ ಎದುರಿಗೆ ಕೂತು ಓಡಿಸಿದೆ. ಎರಡು ಗಂಟೆಯಾಯಿತು, ಮೂರಾಯಿತು, ನಾಲ್ಕಾಯಿತು. ಕಳ್ಳ ಮೆಷೀನು ಒಂದು ಸಲವೂ ಸೀನಲಿಲ್ಲ! ಆಹಾ ಎಂದು ಕುಣಿಯುವಷ್ಟರಲ್ಲಿ ಲೈನಿನ ಕೆಲಸವೆಂದು ಊರಿಗೆಲ್ಲ ಕರೆಂಟು ತೆಗೆದರು. ಯು.ಪಿ.ಎಸ್. ಹತ್ತು ನಿಮಿಷ ಕಿರುಚಿ ಸುಮ್ಮನಾಯಿತು. "ನೀನು ಎದುರಿಗೆ ಕೂತ್ರೆ ಅದಕ್ಕೂ ಭಯ ಕಣೇ, ನಮ್ಮ ಥರಾನೇ" ಎಂದರು ಯಜಮಾನರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ನಾನು ಅದನ್ನು ಹಿಡಿದುಕೊಂಡು ಯೋಚಿಸಬೇಕಿತ್ತು. ಯೋಚಿಸುವ ಬದಲು ಅವರ ಜೊತೆ ಜಗಳವಾಡಿದೆ.

ಸೋಮವಾರ ಆ ಡಬ್ಬವನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಾಸನದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ನನ್ನ ವಯಸ್ಸಿನವರೇ, ಬಾಯಿ ಮಾತ್ರ ನನಗಿಂತ ಜೋರು. ಮುಚ್ಚಳ ತೆಗೆದು ಬ್ರಷ್ಷಿನಿಂದ ಫ್ಯಾನು ಕೆರೆದು, ಒಂದಿಷ್ಟು ಕಪ್ಪು ಉಂಡೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದರು.

"ಮೇಡಂ, ಮನೇಲಿ ಕುರಿಗಿರಿ ಸಾಕಿದ್ದೀರಾ?"

ನನಗೆ ಎಲ್ಲಿತ್ತೋ ಸಿಟ್ಟು! ಹೊಳೆನರಸೀಪುರದಿಂದ ಗಂಟು ಹೊತ್ತು ಬಂದವಳೆಂದು ಹಳ್ಳಿಯವಳ ಲೆಕ್ಕಕ್ಕೆ ತಗೊಂಡು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ. "ಹೌದು ಸಾ, ಇಪ್ಪತ್ತು ಕುರಿ ಇದಾವೆ, ದಿನಾ ಟೈಪಿಂಗ್ ಕಲೀತಾವೆ. ನೀವು ಮೆಮೊರಿ ನೋಡಿ" ಎಂದೆ. ಅವರು ನಕ್ಕು, ಮೆಮೊರಿ ಪರೀಕ್ಷೆ ಓಡಿಸಿದರು. ಸಂಜೆಯವರೆಗೂ ಒಂದು ತಪ್ಪೂ ಸಿಗಲಿಲ್ಲ. ಜ್ವರವೆಂದು ಡಾಕ್ಟರ ಹತ್ತಿರ ಕರೆದೊಯ್ದ ಮಗು ಅಲ್ಲಿ ಕಿಲಕಿಲ ನಗುತ್ತಾ ಕೂತರೆ ತಾಯಿಗೆ ಏನಾಗುತ್ತದೋ ನನಗೂ ಅದೇ ಆಯಿತು. ನನ್ನ ಮುಖ ನೋಡಲಾರದೆ ಅಂಗಡಿಯವರು ಬೇರೆ ಮೆಮೊರಿ ಹಾಕಿ ಕಳಿಸಿದರು.

ಮಂಗಳವಾರ, ಹೊಸ ಮೆಮೊರಿ, ಸಿಗ್ನಲ್ ಹನ್ನೊಂದು. ಬುಧವಾರ ಕೇಬಲ್ ಬದಲಾಯಿಸಿದೆ, ಸಿಗ್ನಲ್ ಹನ್ನೊಂದು. ಗುರುವಾರ ಅಂಗಡಿಗೆ ಫೋನ್ ಮಾಡಿ, ಯಾರೋ ಬಿಸಾಡಿದ ಮೆಮೊರಿಯನ್ನು ನನ್ನ ತಲೆಗೆ ಕಟ್ಟಿದ್ದೀರಿ ಎಂದು ಬಾಯಿಗೆ ಬಂದಂತೆ ಅಂದೆ. ಅವರು ಮಾತ್ರ, "ಆಯ್ತು ಮೇಡಂ" ಎಂದು ಫೋನ್ ಇಟ್ಟರು. ಇಟ್ಟ ಮೇಲೆ ನನಗೇ ಒಂಥರಾ ಆಯಿತು. ಶುಕ್ರವಾರ ಮುಖ್ಯಸ್ಥರು ಲ್ಯಾಬಿಗೆ ಬಂದು, "ಸೋಮವಾರ ಶುರು ಮಾಡಿದ್ರೆ ಮಾತ್ರ ಬುಧವಾರಕ್ಕೆ ಆಗುತ್ತೆ ಅಲ್ವೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ಕನ್ನಡಕ ಒರೆಸಿಕೊಳ್ಳಲಿಲ್ಲ, ಅಂದರೆ ಆಗಲೇ ಯೋಚಿಸಿ ಮುಗಿಸಿದ್ದರು. ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಕೂತು ನಾನು ಅತ್ತುಬಿಟ್ಟೆ. ಆ ಲ್ಯಾಬು ನನಗೆ ಅಷ್ಟು ಬೇಕಾಗಿತ್ತು.

ಶನಿವಾರ ಬೆಳಿಗ್ಗೆ ಎಂದಿನಂತೆ ಓಡಿಸಿಟ್ಟು ಹೋದೆ. ಕಾಲೇಜಿನಲ್ಲಿ ಹುಡುಗರ ಮುಷ್ಕರ. ಹತ್ತೂವರೆಗೆಲ್ಲ ಗೇಟು ಹಾಕಿದರು. ಸಿಕ್ಕ ಬಸ್ಸು ಹತ್ತಿ ಹನ್ನೆರಡಕ್ಕೆ ಮನೆಯಲ್ಲಿದ್ದೆ. ಮದುವೆಯಾದ ಮೇಲೆ ಕೆಲಸದ ದಿನ ಅಷ್ಟು ಹೊತ್ತಿಗೆ ಮನೆಗೆ ಬಂದದ್ದು ಅದೇ ಮೊದಲು. ಅತ್ತೆ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ನೇರ ನಡುಮನೆಗೆ ನುಗ್ಗಿ, ನಿಂತಲ್ಲೇ ನಿಂತುಬಿಟ್ಟೆ.

ಮೇಜಿನ ಕೆಳಗೆ ನನ್ನ ಕಂಪ್ಯೂಟರಿನ ಡಬ್ಬ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಒಂದು ಕಪ್ಪು ಗುಡ್ಡ ಕೂತಿತ್ತು. ಕರಿ ಕಂಬಳಿ! ಎರಡು ಮಡಿಕೆ ಹಾಕಿ, ಎಲ್ಲೂ ಗಾಳಿ ಆಡದಂತೆ ಸುತ್ತಿ, ಜಾರದ ಹಾಗೆ ಮೇಲೆ ಒಂದು ಹಳೆಯ ಪಂಚೆ ಬಿಗಿದಿತ್ತು. ಒಳಗಿನಿಂದ ಫ್ಯಾನು ಏದುಸಿರು ಬಿಡುವುದು ಕೇಳಿಸುತ್ತಿತ್ತು. ಪರದೆಯ ಮೇಲೆ ಸಿಗ್ನಲ್ ಹನ್ನೊಂದು. ಕೈ ತೂರಿಸಿ ನೋಡಿದರೆ ಒಳಗೆ ಕೊಡದಲ್ಲಿ ನೀರು ಕಾಯಿಸಬಹುದು, ಅಷ್ಟು ಕಾವು.

"ಅತ್ತೇ!"

ಅತ್ತೆ ಅವರೆಕಾಯಿಯ ಮೊರ ಹಿಡಿದೇ ಓಡಿಬಂದರು. "ಯಾಕವ್ವಾ, ಇಷ್ಟೊತ್ಗೇ ಬಂದ್ಬುಟ್ಟೆ? ಮೈಗೆ ಉಸಾರಿಲ್ವಾ?"

"ಇದೇನಿದು? ಯಾಕೆ ಹೊದಿಸಿದ್ರಿ?"

"ಯಾಕೆ ಅಂದ್ರೆ? ನೀನೇ ಅಂದಿದ್ದಲ್ಲವ್ವಾ, ಎಪ್ಪಾಕಿದೀನಿ ಅಂತ. ಈ ಚಳಿಲಿ ಕಂಬ್ಳಿ ಒದಿಸ್ದೆ ಇದ್ರೆ ಎಪ್ಪು ಎಲ್ಲಾಯ್ತದೆ? ನೀನು ಬಾಗ್ಲು ದಾಟಿದ್ದೇ ಒದಿಸ್ತೀನಿ ದಿನಾ. ದೀಪ ಅಚ್ಚಾ ಒತ್ಗೆ ಕಸ ಗುಡ್ಸಿ, ಮಡ್ಸಿ ಎತ್ತಿಡ್ತೀನಿ. ಡಬ್ಬಾನ ಮುಟ್ಟಿಲ್ಲ ಕಣವ್ವಾ, ಅಲ್ಲಾಡ್ಸಿಲ್ಲ. ಇನ್ನೂ ಆಗ್ನಿಲ್ವಾ?"

ನಮ್ಮ ಸೀಮೆಯಲ್ಲಿ ಧನುರ್ಮಾಸದ ಚಳಿಗೆ ಹೆಪ್ಪು ಹಾಕಿದ ಹಾಲನ್ನು ಯಾರೂ ಬರಿದೇ ಇಡುವುದಿಲ್ಲ. ಗಡಿಗೆಗೆ ದಪ್ಪ ಬಟ್ಟೆ ಸುತ್ತಿ ಒಲೆಯ ಮಗ್ಗುಲಲ್ಲಿಡುತ್ತಾರೆ. ಅಜ್ಜಿ ಮಾಡಿದ್ದನ್ನು, ಅಮ್ಮ ಮಾಡಿದ್ದನ್ನು ಹುಟ್ಟಿದಾಗಿನಿಂದ ಕಂಡವಳು ನಾನು. ಹೆಪ್ಪು ಎಂದವಳೂ ನಾನೇ. ಭಾನುವಾರ ಯಾಕೆ ಓಡಿತು, ಅಂಗಡಿಯಲ್ಲಿ ಯಾಕೆ ಕೆಡಲಿಲ್ಲ, ಫ್ಯಾನಿನೊಳಗೆ ಕುರಿಯ ಉಣ್ಣೆ ಎಲ್ಲಿಂದ ಬಂತು, ಎಲ್ಲಾ ಒಟ್ಟಿಗೇ ತಲೆಗೆ ಹತ್ತಿತು. ಇಪ್ಪತ್ತು ಕುರಿಗೆ ಟೈಪಿಂಗ್ ಕಲಿಸಿದ್ದು ನೆನಪಾಯಿತು. ಮುದುರಿದ ಷರಟು ಹಾಕಿಕೊಂಡು ಅರಕಲಗೂಡಿಗೆ ಹೋದ ಮೇಷ್ಟ್ರು ನೆನಪಾದರು. ನಾನು ನೆಲದ ಮೇಲೆ ಕುಸಿದು ಕೂತು ನಗತೊಡಗಿದೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಷ್ಟು ನಕ್ಕೆ. ಎರಡು ವಾರ ಕೂಡಿಟ್ಟ ಕೋಪ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಅತ್ತೆ ನಗಲಿಲ್ಲ. ಕಂಪ್ಯೂಟರಿಗೆ ಬೇಕಾದ್ದು ಕಾವಲ್ಲ, ಗಾಳಿ. ಬಿಸಿಯಾದಷ್ಟೂ ಅದಕ್ಕೆ ತಲೆ ಸುತ್ತುತ್ತದೆ ಎಂದು ನಾನು ನಗುನಗುತ್ತಲೇ ಹೇಳಿದಾಗ ಅವರ ಮುಖ ಬಾಡಿಹೋಯಿತು.

"ಅಂಗಾದ್ರೆ ನಿನ್ ಕೆಲ್ಸಾನ ನಾನೇ ಕೈಯಾರೆ ಕೆಡಿಸ್ಬುಟ್ನಾ?" ಎಂದು ಗೋಡೆಗೆ ಒರಗಿ ಕೂತರು. ಲ್ಯಾಬಿನ ವಿಷಯ, ಬುಧವಾರದ ವಿಷಯ ಅವರಿಗೆ ಗೊತ್ತಿತ್ತು. ನಾನು ಅತ್ತದ್ದೂ ಹೇಗೋ ಗೊತ್ತಾಗಿತ್ತು.

ಆಗ ನಾನು ಕಂಬಳಿಯನ್ನು ಸರಿಯಾಗಿ ನೋಡಿದೆ. ಅದು ಮಾವನ ಕಂಬಳಿ. ಚನ್ನರಾಯಪಟ್ಟಣದ ಸಂತೆಯಲ್ಲಿ ಅವರೇ ಆರಿಸಿ ತಂದದ್ದಂತೆ, ಕೊನೆಯವರೆಗೂ ಹೊದ್ದದ್ದಂತೆ. ಅವರು ಹೋದ ಮೇಲೆ ಅತ್ತೆ ಅದನ್ನು ಪೆಟ್ಟಿಗೆಯಲ್ಲಿಟ್ಟು, ಒಮ್ಮೆ ಚಳಿಯೆಂದು ಎತ್ತಿಕೊಂಡ ಮಗನ ಕೈಯಿಂದಲೇ ಕಿತ್ತಿಟ್ಟಿದ್ದರು. ಹಿರೀಸಾವೆಯಿಂದ ನಾದಿನಿ ಬಂದಾಗಲೂ ಕೊಟ್ಟಿರಲಿಲ್ಲ. ಮನೆಯಲ್ಲಿ ಬೇರೆ ಎರಡು ಕಂಬಳಿಗಳಿದ್ದವು. ನನ್ನ ಕೆಲಸಕ್ಕೆ ಮಾತ್ರ ದಿನಾ ಪೆಟ್ಟಿಗೆಯಿಂದ ತೆಗೆದದ್ದು ಇದನ್ನು. ನನ್ನ ನಗು ನಿಂತಿತು. ಹೋಗಿ ಅವರ ಮಗ್ಗುಲಲ್ಲಿ ಕೂತು, "ತಪ್ಪು ನಂದು ಅತ್ತೆ. ಅರ್ಧ ಹೇಳಿಕೊಟ್ಟು ಓಡಿದೋಳು ನಾನು" ಎಂದೆ. ಅಷ್ಟು ಸಲೀಸಾಗಿ ನಾನು ತಪ್ಪು ಒಪ್ಪಿಕೊಂಡದ್ದಕ್ಕೆ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ಯಜಮಾನರು ಸಾಕ್ಷಿ. ಇವತ್ತಿಗೂ ನೆಂಟರ ಮುಂದೆ ಹೇಳುತ್ತಾರೆ.

ಅವತ್ತು ಮತ್ತೆ ಶುರು ಮಾಡುವ ಹಾಗಿರಲಿಲ್ಲ, ಏಳಕ್ಕೆ ಕರೆಂಟು ಹೋಗುತ್ತದೆ. ಉಳಿದದ್ದು ಭಾನುವಾರ ಒಂದೇ. ಬೆಳಿಗ್ಗೆ ಆರಕ್ಕೆ ಓಡಿಸಬೇಕೆಂದು ನಾನೆದ್ದು ಬಂದರೆ ಅತ್ತೆ ಆಗಲೇ ಸ್ನಾನ ಮಾಡಿ, ನಡುಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಹಾರು ಹೊಡೆದು, ಆ ಚಳಿಯಲ್ಲಿ ಸೆರಗು ಹೊದ್ದು ಕೂತಿದ್ದರು. ನಾನು ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಯಜಮಾನರು ಟೇಬಲ್ ಫ್ಯಾನು ತಂದು ಎದುರಿಗಿಟ್ಟರು. ಓಡಿಸಿದೆ. ಎಂಟಾಯಿತು. ಎಂಟೂವರೆ. ಒಂಬತ್ತಾಯಿತು. ನಾವು ಮೂವರೂ ತಿಂಡಿ ತಟ್ಟೆ ಹಿಡಿದು ಪರದೆಯ ಮುಂದೆ ಕೂತೆವು. ಅತ್ತೆ ಅರ್ಧ ಗಂಟೆಗೊಂದು ಸಲ, "ಉಸಿರಾಡ್ತೈತಾ?" ಎಂದು ಕೇಳುತ್ತಿದ್ದರು.

ಹನ್ನೊಂದಕ್ಕೆ ಕರೆಂಟು ಹೋಯಿತು.

ಯು.ಪಿ.ಎಸ್. ಕಿರುಚತೊಡಗಿತು. ಹತ್ತೇ ನಿಮಿಷ. ಟೇಬಲ್ ಫ್ಯಾನು ಯು.ಪಿ.ಎಸ್.ಗೆ ಸೇರಿದ್ದಲ್ಲ, ಅದು ನಿಂತೇಹೋಯಿತು. ಯಜಮಾನರು ಬೀದಿಗೆ ಓಡಿ, ಊರಿಗೆಲ್ಲಾ ಹೋಗಿದೆಯೋ ನಮಗಷ್ಟೇ ಹೋಗಿದೆಯೋ ನೋಡಲು ನಿಂತರು. ಅತ್ತೆ ಗೋಡೆಯ ಮೊಳೆಯಲ್ಲಿದ್ದ ಗರಿಯ ಬೀಸಣಿಗೆ ಎಳೆದುಕೊಂಡು, ಡಬ್ಬದ ಬಿಚ್ಚಿದ ಮಗ್ಗುಲಿಗೆ ಮಂಡಿಯೂರಿ ಕೂತು ಬೀಸತೊಡಗಿದರು. ಒಂದೇ ಸಮ, ಬಾಣಂತಿ ಮನೆಯಲ್ಲಿ ಕೂಸಿಗೆ ಬೀಸುವ ಹಾಗೆ. ನಾನು ನಿಮಿಷ ಎಣಿಸುತ್ತಿದ್ದೆ. ಐದು. ಏಳು. "ಅತ್ತೆ, ಕೈ ನೋಯುತ್ತೆ, ನನಗೆ ಕೊಡಿ" ಎಂದರೆ, "ಸುಮ್ಕಿರು, ನಾನ್ ಕೊಟ್ಟ ಕಾವ ನಾನೇ ಇಳಿಸ್ತೀನಿ" ಎಂದರು. ಎಂಟನೇ ನಿಮಿಷಕ್ಕೆ ಬೀದಿಯಿಂದ ಯಜಮಾನರ ಕೂಗು, ಒಳಗೆ ಫ್ಯಾನಿನ ಗುಂಯ್ ಸದ್ದು, ಎರಡೂ ಒಟ್ಟಿಗೆ ಬಂದವು. ಅತ್ತೆ ಆಮೇಲೂ ಬೀಸುವುದನ್ನು ನಿಲ್ಲಿಸಲಿಲ್ಲ.

ಮಧ್ಯಾಹ್ನ ಒಂದೂಕಾಲಿಗೆ ಸಾಲುಗಳ ಓಟ ತಾನಾಗಿಯೇ ನಿಂತಿತು. ನಾನು ಕೊನೆಯ ಸಾಲು ಓದಿದೆ. ಸಿಗ್ನಲ್ ಇಲ್ಲ, ಹನ್ನೊಂದೂ ಇಲ್ಲ. ಕೆಲಸ ಪೂರ್ತಿ ಮುಗಿದಿದೆ ಎಂಬ ಒಂದು ಒಣ ಮಾತು, ಅಷ್ಟೇ. ಅತ್ತೆಯನ್ನು ತಬ್ಬಿಕೊಂಡು ನಡುಮನೆಯಲ್ಲಿ ಒಂದು ಸುತ್ತು ತಿರುಗಿಸಿಬಿಟ್ಟೆ. "ಬುಡೇ, ಸೊಂಟ ಇಡ್ಕತದೆ!" ಎಂದು ಬೈಯುತ್ತಲೇ ನಕ್ಕರು.

ಸೋಮವಾರ ಬೆಳಿಗ್ಗೆ ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದೆ. ಅಂಗೈಯಗಲದ ಆ ಪೆಟ್ಟಿಗೆಗೆ ಬಸ್ಸಿನ ಕುಲುಕಾಟ ತಟ್ಟಬಾರದು. ಯಾವುದರಲ್ಲಿ ಸುತ್ತಲಿ ಎಂದು ಹುಡುಕುತ್ತಿದ್ದಾಗ ಅತ್ತೆ ಕಂಬಳಿ ಹಿಡಿದು ಬಂದು ದೂರದಲ್ಲೇ ನಿಂತರು.

"ಈಗ ಒದಿಸ್ಬೌದಾ?"

"ಈಗ ಹೊದಿಸಲೇಬೇಕು ಅತ್ತೆ."

ಅವರೇ ನಾಲ್ಕು ಮಡಿಕೆ ಮಾಡಿ ಸುತ್ತಿಕೊಟ್ಟರು. ಹಾಸನದವರೆಗೂ ಆ ಕಪ್ಪು ಗಂಟನ್ನು ಎದೆಗವಚಿಕೊಂಡು ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು, "ಎಷ್ಟ್ ತಿಂಗ್ಳವ್ವಾ ಮಗೀಗೆ?" ಎಂದು ಕೇಳಿ, ಇಣುಕಿ ನೋಡಿ ಕಿಟಕಿಯ ಕಡೆ ತಿರುಗಿದಳು.

ಎರಡು ದಿನ ಕೂತು ಆ ಡಿಸ್ಕಿನಿಂದ ಹತ್ತಕ್ಕೂ ಸಿಸ್ಟಂ ಇಳಿಸಿದೆ. ಬುಧವಾರ ತಪಾಸಣೆಯವರು ಬಂದಾಗ ಹತ್ತೂ ಮೆಷೀನುಗಳು ಹೊಸ ಕಾರ್ಡು ಗುರುತು ಹಿಡಿದು ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಮುಖ್ಯಸ್ಥರು ಮೊದಲನೇ ಮೆಷೀನಿನಲ್ಲಿ ತಾವೇ ಒಂದು ಸಾಲು ಬರೆದು, ಹತ್ತನೆಯದರ ಹತ್ತಿರ ನಡೆದುಹೋಗಿ ಅದನ್ನು ಓದಿಕೊಂಡು ಬಂದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಮುಂದಿನ ವರ್ಷಾನೂ ನೀವೇ ನೋಡ್ಕೊಳ್ಳಿಮ್ಮಾ" ಎಂದರು. ಅಂಗಡಿಯವರಿಗೆ ಮರುದಿನ ಒಂದು ತಂಬಿಗೆ ಗಟ್ಟಿ ಮೊಸರು ಒಯ್ದು ಕೊಟ್ಟು, ಕ್ಷಮೆ ಕೇಳಿ, ಕುರಿಯ ಕಥೆ ಪೂರ್ತಿ ಹೇಳಿದೆ. ನಗುವಿನ ಭರಕ್ಕೆ ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು.

ಆದರೆ ಅದಕ್ಕೆ ಮೊದಲು, ಬುಧವಾರ ಮಧ್ಯಾಹ್ನವೇ, ಕಾಲೇಜಿನ ಗೇಟಿನ ಪಕ್ಕದ ಒಂದು ರೂಪಾಯಿ ಫೋನಿನಿಂದ ಮನೆಗೆ ಮಾಡಿದೆ. ಒಂದೇ ರಿಂಗಿಗೆ ಅತ್ತೆ ಎತ್ತಿದರು. ಫೋನಿನ ಪಕ್ಕದಲ್ಲೇ ಕೂತಿದ್ದರೆಂದು ಕಾಣುತ್ತದೆ.

"ಅತ್ತೆ, ಹತ್ತಕ್ಕೆ ಹತ್ತೂ ಆಯ್ತು. ಮುಂದಿನ ವರ್ಷಾನೂ ನಾನೇ ಅಂದ್ರು."

ಆ ಕಡೆಯಿಂದ ಮೂಗು ಸೇದಿದ ಸದ್ದು.

"ಗಟ್ಟಿಯಾಗ್ ಆಗೈತಾ?"

"ಕಲ್ಲಿನಂಗೆ ಆಗಿದೆ."

"ಅಂಗಾದ್ರೆ ಇನ್ ಅದ್ನ ಅಲ್ಲಾಡಿಸ್ಬ್ಯಾಡ ಕಣವ್ವಾ. ಕಂಬ್ಳಿ ಮರೀದೆ ತಕಂಡ್ ಬಾ."

ಅತ್ತೆ ಹೇಳಿದ ಹಾಗೇ, ಕಾಲೇಜಿನ ಪರೀಕ್ಷೆಗಳು ಮುಗಿಯುವವರೆಗೆ ನಾನು ಆ ಸಿಸ್ಟಂನ ಸೋರ್ಸ್ ಮುಟ್ಟಲಿಲ್ಲ. ಆ ಸಂಜೆ ಚಳಿಯಲ್ಲಿ ನಡುಗುತ್ತಾ ಮನೆ ಸೇರಿ, ಕಂಬಳಿಯನ್ನು ನೀಟಾಗಿ ಮಡಿಸಿ ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟೆ. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಅವರು ಕಂಬಳಿಯನ್ನು ಒಂದು ಸಲ ಮುಖಕ್ಕೆ ಒತ್ತಿಕೊಂಡರು. ಆಮೇಲೆ ಅದನ್ನು ಕೊಡವಿ ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿ, ಎರಡೂ ಅಂಚು ಎಳೆದು ಕುತ್ತಿಗೆಯ ಹತ್ತಿರ ಬಿಗಿಮಾಡಿದರು.

"ಬೇಡಿ ಅತ್ತೆ, ಮಾವಂದು..."

"ಒದ್ಕೋ ಸುಮ್ಕೆ. ನೀನು ಮೊದ್ಲೇ ಬಿಸಿ, ಇನ್ನೇನ್ ಕೆಡ್ತೀಯಾ?" ಎಂದರು.